ಜಗಳಗಂಟಿ ಗಿಡ

“ಜಗಳಗಂಟಿ ಬಂದ್ಲು! ಕೊಡವ್ಕೋ, ಕೊಡವ್ಕೋ!”

ಮೈಕ್ ಎಂಬ ಹುಡುಗ ಕೂಗಿದ್ದೇ ತಡ, ಮೈದಾನದಲ್ಲಿದ್ದ ಮಕ್ಕಳೆಲ್ಲ ಅದೇ ಕೂಗು ಹಾಕುತ್ತ ಓಡಿಬಂದರು.

ಸೂಜಿ ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು. ಎತ್ತಿದ ಕಾಲಿನ ಸಾಕ್ಸ್ ಪೂರ್ತಿ ಕಪ್ಪಾಗಿತ್ತು. ಚೆಂಡು ತರಲು ಗೋಡೆ ಬುಡದ ಗಿಡಗಳ ನಡುವೆ ನುಗ್ಗಿದ್ದಳಲ್ಲ, ಅವುಗಳ ಬೀಜಗಳು ಒತ್ತೊತ್ತಾಗಿ ಚುಚ್ಚಿಕೊಂಡಿದ್ದವು.

“ಬೇಗ ಕೀಳೇ ಸೂಜಿ! ಬೆಲ್ ಆಗುತ್ತೆ!”

“ಕೀಳ್ತಾ ಇದೀನಲ್ಲ! ನಿನ್ನ ಥರ ಬರೀ ಬಾಯಲ್ಲೇ ಕೆಲಸ ಆಗುತ್ತಾ?”

ಎಲ್ಲರೂ ನಕ್ಕರು. ಮೈಕ್ ಕೂಡ ನಕ್ಕ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅವನು ಪಿಸುಗುಟ್ಟಿದರೂ ಎರಡು ತರಗತಿಗೆ ಕೇಳಿಸುತ್ತಿದ್ದುದರಿಂದ ಮೈಕ್ ಎಂಬುದೇ ಉಳಿದಿತ್ತು. ಸೂಜಿಗೂ ಹಾಗೆಯೇ. ಒಂದನೇ ಕ್ಲಾಸಿಗೆ ಬಂದಾಗ ಅಷ್ಟು ಸಣ್ಣಗಿದ್ದಳು. ಈಗ ಐದನೇ ಕ್ಲಾಸು. ಈಗಲೂ ಅಷ್ಟೇ ಸಣ್ಣಗಿದ್ದಾಳೆ.

ಆ ಗಿಡವೋ, ನೋಡಲು ಬಲು ಸಾಧು. ಪುಟ್ಟ ಬಿಳಿ ಎಸಳು, ನಡುವೆ ಹಳದಿ ಬೊಟ್ಟು. ಹೂ ಉದುರಿದ ಮೇಲೆ ಅದರ ನಿಜವಾದ ಗುಣ ಬಯಲಾಗುತ್ತದೆ. ಹೂವಿದ್ದ ಜಾಗದಲ್ಲಿ ಕಪ್ಪು ಕಡ್ಡಿಗಳ ಗೊಂಚಲು ನಿಲ್ಲುತ್ತದೆ. ಒಂದೊಂದು ಕಡ್ಡಿಯ ತುದಿಯಲ್ಲೂ ಕೊಕ್ಕೆ. ಪಕ್ಕದಲ್ಲಿ ಹಾದರೆ ಸಾಕು, ಕರೆಯದಿದ್ದರೂ ಜೊತೆಗೆ ಹೊರಟುಬಿಡುತ್ತದೆ.

ಬೀಜ ಅಂಟಿಸಿಕೊಂಡವರನ್ನು ಕಂಡರೆ ಹಾಗೆ ಕೂಗಬೇಕು. ಅವರು ಬಾಗಿಲ ಹೊರಗೇ ನಿಂತು ಕೊಡವಿಕೊಂಡು ಒಳಗೆ ಬರಬೇಕು. ಈ ರೂಲು ಮಾಡಿದ್ದು ಯಾರೋ ಮಕ್ಕಳಿಗೆ ಗೊತ್ತಿರಲಿಲ್ಲ. ಅವರ ಅಣ್ಣ ಅಕ್ಕಂದಿರೂ ಹೀಗೇ ಕೂಗುತ್ತಿದ್ದರು.

“ಏನದು ಗಲಾಟೆ? ಯಾರು ಬಂದ್ರು?” ಮಿಸ್ ಬಾಗಿಲಿಗೆ ಬಂದರು. ಅವರು ಈ ಶಾಲೆಗೆ ಹೊಸಬರು.

“ಜಗಳಗಂಟಿ ಮಿಸ್!” ಮೈಕ್ ಗಿಡ ತೋರಿಸಿದ.

ಮಿಸ್ ಬಗ್ಗಿ ಒಂದು ಹೂ ಕಿತ್ತು ನೋಡಿದರು. “ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರಿದೆ. ಜಗಳಗಂಟಿ ಅಂತ ನಾನು ಎಲ್ಲೂ ಕೇಳಿಲ್ಲ. ಯಾಕೆ ಹಂಗೆ ಕರೀತೀರಿ?”

“ಅಂಟ್ಕೊಂಡ್ರೆ ಬಿಡಲ್ಲ ಮಿಸ್, ಅದಕ್ಕೆ,” ಅಂದಳು ಸೂಜಿ.

“ಅಂಟೋದಕ್ಕೆ ಅಂಟುಗಿಡ ಅಂದ್ರೆ ಸಾಕಿತ್ತು. ಜಗಳ ಎಲ್ಲಿಂದ ಬಂತು?”

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮಿಸ್‌ಗೆ ಅದೇ ಬೇಕಿತ್ತೇನೋ. ಕ್ಲಾಸಿಗೆ ಬಂದವರೇ ಪಾಠ ಪಕ್ಕಕ್ಕಿಟ್ಟರು. ಒಬ್ಬೊಬ್ಬರಿಗೂ ಒಂದೊಂದು ಕಾಡುಗಿಡ ಹಂಚಿದರು. ಅದಕ್ಕೆ ಆ ಹೆಸರು ಹೇಗೆ ಬಂತು ಎಂದು ದೊಡ್ಡವರನ್ನು ಕೇಳಿ ತಿಳಿದು, ಶುಕ್ರವಾರ ಎಲ್ಲರ ಮುಂದೆ ನಿಂತು ಹೇಳಬೇಕು. ಸೂಜಿಯ ಪಾಲಿಗೆ ಜಗಳಗಂಟಿ ಬಂತು.

“ಮಿಸ್! ಅದು ನಮ್ಮ ತಾತಂಗೆ ಗೊತ್ತು!” ಮೈಕ್ ಬೆಂಚಿನ ಮೇಲೆ ಮಂಡಿಯೂರಿ ಎದ್ದ. “ಆ ಹೆಸರಿಟ್ಟಿದ್ದೇ ನಾನು ಅಂತಿರ್ತಾರೆ.”

“ಹೌದಾ? ಹಾಗಿದ್ರೆ ಶುಕ್ರವಾರ ತಾತನ್ನೇ ಕರ್ಕೊಂಡ್ ಬಾ. ಸೂಜಿ, ನೀನು ಮೊದಲೇ ಹೋಗಿ ಅವರನ್ನ ಮಾತಾಡಿಸಿರು.”

ಸೂಜಿಗೆ ಖುಷಿಯಾಯಿತು. ಮೈಕ್‌ನ ಮನೆ ಅವಳ ಮನೆಯ ಪಕ್ಕದ್ದೇ. ಇಷ್ಟು ಸುಲಭದ ಹೋಮ್‌ವರ್ಕ್ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

*

ಮೈಕ್‌ನ ತಾತ ಮೊದಲು ಆಸ್ಪತ್ರೆಯ ವ್ಯಾನ್ ಓಡಿಸುತ್ತಿದ್ದರು. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಬೀದಿಗೆಲ್ಲ ಅವರು ವ್ಯಾನ್ ತಾತ. ಸೂಜಿ ಹೋದಾಗ ವರಾಂಡದಲ್ಲಿ ಕೂತು ಹಳೇ ರೇಡಿಯೋದ ಹೊಟ್ಟೆ ಬಿಚ್ಚಿಟ್ಟುಕೊಂಡಿದ್ದರು. ಮೈಕ್ ಟ್ಯೂಷನ್‌ಗೆ ಹೋಗಿದ್ದ.

“ಜಗಳಗಂಟಿನಾ?” ತಾತ ಸ್ಕ್ರೂಡ್ರೈವರ್ ಕೆಳಗಿಟ್ಟರು. ನಗು ಆಗಲೇ ಶುರುವಾಗಿತ್ತು. “ಕೂತ್ಕೋ, ಹೇಳ್ತೀನಿ. ಆಗ ಆಸ್ಪತ್ರೆ ಲಾಂಡ್ರಿ ಇತ್ತಲ್ಲ, ಅದರ ಹಿಂದೆ ದೊಡ್ಡ ಬಯಲು. ಉದ್ದಕ್ಕೂ ತಂತಿ ಕಟ್ಟಿ ಬೆಡ್‌ಶೀಟ್ ಒಣಹಾಕೋರು. ಬಯಲಿಗೆ ಹೋಗೋ ದಾರಿ ಎರಡು ಕಡೆನೂ ಈ ಗಿಡ. ಕಿತ್ತಷ್ಟೂ ಬರ್ತಿತ್ತು.”

“ಆಮೇಲೆ?”

“ಬಯಲಿನ ಗೇಟಲ್ಲಿ ಒಬ್ಬಳು ಹೆಂಗಸು ನಿಂತಿರೋಳು. ಅಬ್ಬಬ್ಬಾ, ಏನು ಬಾಯಿ ಅದು! ಬಟ್ಟೆಗೆ ಒಂದು ಬೀಜ ಅಂಟಿರ್ಲಿ, ಒಳಗೆ ಬಿಡ್ತಿರಲಿಲ್ಲ. ‘ನಿಲ್ಲು! ಕಾಲೆತ್ತು! ಆ ಕಾಲು!’ ನಾನು ವ್ಯಾನಿಗೆ ಬಟ್ಟೆ ತುಂಬಬೇಕು, ನನಗೆ ಹೊತ್ತಾಗ್ತಿರುತ್ತೆ. ಅವಳು ಪ್ಯಾಂಟಿನ ಮಡಿಕೆ ಬಿಚ್ಚಿಸಿ ನೋಡೋಳು. ದಿನಾ ಜಗಳ. ಒಂದ್ಸಲ ದೊಡ್ಡ ಡಾಕ್ಟರನ್ನೇ ನಿಲ್ಲಿಸಿದ್ಲು ಕಣಮ್ಮ! ಪಾಪ, ಅವರು ಕೊಕ್ಕರೆ ಥರ ಒಂಟಿಕಾಲಲ್ಲಿ ನಿಂತಿದ್ರು.”

ಸೂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನಾನೇ ಹೆಸರಿಟ್ಟೆ, ಜಗಳಗಂಟಿ ಅಂತ. ಅವಳು ದೂರದಲ್ಲಿ ಕಂಡ್ರೆ ಸಾಕು, ‘ಜಗಳಗಂಟಿ ಬಂದ್ಲು, ಕೊಡವ್ಕೋ ಕೊಡವ್ಕೋ’ ಅಂತ ಕೂಗ್ತಿದ್ದೆ. ಎಲ್ಲರೂ ಕಲಿತ್ರು. ಬರ್ತಾ ಬರ್ತಾ ಗಿಡಕ್ಕೇ ಆ ಹೆಸರಾಯ್ತು. ಲಾಂಡ್ರಿ ಹೋಯ್ತು, ಬಯಲಲ್ಲಿ ಮನೆ ಬಂತು, ಹೆಸರು ಮಾತ್ರ ಹಂಗೇ ನಿಂತ್ಕೊಂಡ್ತು ನೋಡು.”

“ಯಾರು ತಾತ ಆ ಹೆಂಗಸು?”

ವ್ಯಾನ್ ತಾತ ಕನ್ನಡಕ ಮೇಲೆತ್ತಿ ಅವಳನ್ನೇ ನೋಡಿದರು. “ಅಯ್ಯೋ ಪುಟ್ಟಾ, ನಿನಗೆ ಗೊತ್ತಿಲ್ವಾ? ನಿಮ್ಮಜ್ಜಿ!”

ಸೂಜಿಯ ನಗು ಅರ್ಧಕ್ಕೇ ನಿಂತಿತು.

“ಶುಕ್ರವಾರ ಬರ್ತೀನಲ್ಲ, ಆ ಡಾಕ್ಟರ್ ಹೆಂಗೆ ನಿಂತಿದ್ರು ಅಂತ ಆ್ಯಕ್ಟ್ ಮಾಡಿ ತೋರಿಸ್ತೀನಿ. ಮಕ್ಕಳೆಲ್ಲ ಬಿದ್ದೂ ಬಿದ್ದೂ ನಗಬೇಕು.”

“ತಾತ... ಅಜ್ಜಿ ಅಂತ ಹೇಳ್ತೀರಾ?”

“ಮತ್ತೆ? ಕತೆ ಅಂದ್ಮೇಲೆ ಪೂರ್ತಿ ಹೇಳ್ಬೇಕಪ್ಪ,” ಎಂದು ತಾತ ಮತ್ತೆ ರೇಡಿಯೋಗೆ ಕೈ ಹಾಕಿದರು.

*

ಮನೆಯಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬೆರಳ ಗಂಟುಗಳು ಊದಿಕೊಂಡಿದ್ದರೂ ಆ ಕೆಲಸ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಒಂದೊಂದು ಬಟ್ಟೆಯನ್ನೂ ಮಂಡಿಯ ಮೇಲೆ ಹರಡಿ, ಅಂಗೈಯನ್ನು ಈ ತುದಿಯಿಂದ ಆ ತುದಿಗೆ ಆಡಿಸಿ, ಆಮೇಲೆ ಮಡಿಸುವಳು. ರಾತ್ರಿ ಹಾಸಿಗೆ ಹಾಸಿದಾಗಲೂ ಅಷ್ಟೆ. ಅಂಗೈ ಆಡಿಸುವ ತನಕ ಸೂಜಿಯನ್ನು ಮಲಗಲು ಬಿಡುತ್ತಿರಲಿಲ್ಲ. ಮುದುಕರಿಗೆ ಒಂದೊಂದು ಅಭ್ಯಾಸ ಎಂದು ಸೂಜಿ ಅಂದುಕೊಂಡಿದ್ದಳು.

ಈ ಅಜ್ಜಿಯೇ? ಜೋರಾಗಿ ಕೆಮ್ಮಿದರೂ ಅಕ್ಕಪಕ್ಕದವರಿಗೆ ತೊಂದರೆ ಎನ್ನುವ ಅಜ್ಜಿ?

ಸೂಜಿ ಅಡುಗೆಮನೆಗೆ ಹೋದಳು. ಅಮ್ಮ ಔಷಧಿ ಅಂಗಡಿಯ ಕೆಲಸ ಮುಗಿಸಿ ಈಗಷ್ಟೇ ಬಂದು ತರಕಾರಿ ಹೆಚ್ಚುತ್ತಿದ್ದಳು.

“ಅಮ್ಮಾ, ಜಗಳಗಂಟಿ ಗಿಡ...”

ಚಾಕು ನಿಂತಿತು. ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಆ ಹೆಸರು ಅಜ್ಜಿ ಮುಂದೆ ಎತ್ತಬೇಡ. ಅಂಟುಗಿಡ ಅನ್ನು.”

ಹೌದಲ್ಲ! ಈ ಮನೆಯಲ್ಲಿ ಅದು ಯಾವಾಗಲೂ ಅಂಟುಗಿಡವೇ. ಇಷ್ಟು ದಿನ ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ಅಂದರೆ ಅಜ್ಜಿಗೆ ಆ ಹೆಸರು ಗೊತ್ತು. ಅಜ್ಜಿಗೆ ನೋವಾಗುತ್ತದೆ. ಸೂಜಿ ಎಷ್ಟು ಸಲ ಅಜ್ಜಿಯ ಕಿಟಕಿಯ ಕೆಳಗೆ ನಿಂತು, ಗಂಟಲು ಹರಿಯುವ ಹಾಗೆ ‘ಜಗಳಗಂಟಿ ಬಂದ್ಲು’ ಎಂದು ಕೂಗಿಲ್ಲ! ಅಜ್ಜಿ ಅಲ್ಲೇ ಕೂತಿರುತ್ತಿದ್ದಳು. ಒಂದು ದಿನವೂ ಏನೂ ಅಂದಿರಲಿಲ್ಲ.

ಸೂಜಿಗೆ ಊಟ ಸೇರಲಿಲ್ಲ. ಶುಕ್ರವಾರ ವ್ಯಾನ್ ತಾತ ಹೇಳುತ್ತಾರೆ. ಮೈಕ್ ಕೇಳಿಸಿಕೊಳ್ಳುತ್ತಾನೆ. ಮೈಕ್‌ಗೆ ಗೊತ್ತಾಯಿತೆಂದರೆ ಬೀದಿಗೆ ಗೊತ್ತಾದ ಹಾಗೆ. ಆಮೇಲೆ ಅವಳನ್ನು ಯಾರೂ ಸೂಜಿ ಎಂದು ಕರೆಯುವುದಿಲ್ಲ, ಜಗಳಗಂಟಿ ಮೊಮ್ಮಗಳು ಎಂದೇ ಕರೆಯುತ್ತಾರೆ. ಹೋಗಲಿ, ಅದನ್ನಾದರೂ ತಡೆದುಕೊಳ್ಳಬಹುದು. ಮಕ್ಕಳು ಕಿಟಕಿಯ ಕೆಳಗೆ ಬಂದು, ಅಜ್ಜಿಯ ಮುಖ ನೋಡಿಕೊಂಡೇ ಕೂಗಿದರೆ?

*

ಮರುದಿನ ಅವಳು ಜಡೆಯ ಹತ್ತಿರ ಹೋದಳು. ಸೊಂಟದ ಕೆಳಗೂ ಇಳಿಯುವ ಜಡೆ ಇದ್ದುದರಿಂದ ಆ ಗೆಳತಿಗೆ ಆ ಹೆಸರು.

“ನಿನ್ನ ಗಿಡ ನಂಗೆ ಕೊಡೇ, ನಂದು ನೀನು ತಗೋ.”

“ಹೋಗೇ! ನಂದು ಮುಟ್ಟಿದರೆ ಮುನಿ. ನಾನು ಮುಟ್ಟಿದ್ರೆ ಸಾಕು, ಅದೇ ಎಲ್ಲಾ ತೋರಿಸಿಬಿಡುತ್ತೆ. ನಾನು ಮಾತೇ ಆಡ್ಬೇಕಾಗಿಲ್ಲ. ಅಂಥದ್ದನ್ನ ಯಾರಾದ್ರೂ ಬಿಟ್ಟುಕೊಡ್ತಾರಾ?”

ಸಂಜೆ ವ್ಯಾನ್ ತಾತನ ಮನೆಗೆ ಹೋದಳು. ತಾತ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು.

“ಶುಕ್ರವಾರ ತುಂಬಾ ಬಿಸಿಲಂತೆ ತಾತ.”

“ಬರ್ಲಿ ಬಿಡು. ಕರಗೋಕೆ ನಾನೇನು ಐಸ್‌ಕ್ರೀಮಾ?”

“ನಮ್ಮ ಕ್ಲಾಸಲ್ಲಿ ಫ್ಯಾನೂ ಇಲ್ಲ.”

“ನನ್ನ ವ್ಯಾನಲ್ಲಿ ಫ್ಯಾನಿತ್ತಾ?” ತಾತ ಕಾಲರ್ ತಿರುವಿ ಹಾಕಿದರು. “ನನ್ನ ಮಾತು ಕೇಳೋಕೆ ಯಾರಾದ್ರೂ ಕರೆದು ಯಾವ ಕಾಲ ಆಯ್ತೋ. ಈ ಮನೇಲಿ ರೇಡಿಯೋನೂ ನನ್ನ ಮಾತು ಕೇಳಲ್ಲ.”

ಅದಾದ ಮೇಲೆ ಬರಬೇಡಿ ಎನ್ನಲು ಸೂಜಿಗೆ ಬಾಯಿ ಬರಲಿಲ್ಲ.

ಗುರುವಾರ ಶಾಲೆ ಬಿಟ್ಟಿತು. ಎಲ್ಲರೂ ಹೋಗುವ ತನಕ ಸೂಜಿ ನಲ್ಲಿಯ ಹತ್ತಿರ ಸುಮ್ಮನೆ ಕೈ ತೊಳೆಯುತ್ತ ನಿಂತಳು. ಆಮೇಲೆ ಹಿಂದಿನ ಗೋಡೆಗೆ ಹೋದಳು. ಗಿಡವೇ ಇಲ್ಲದಿದ್ದರೆ ಮಿಸ್ ಏನು ತೋರಿಸಿ ಮಾತಾಡಿಸುತ್ತಾರೆ? ಅವಳಿಗೆ ಹೊಳೆದಿದ್ದ ಉಪಾಯ ಅದೊಂದೇ.

ಒಂದು ಗಿಡ ಕಿತ್ತಳು. ಇನ್ನೊಂದು ಕಿತ್ತಳು. ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿದಿತ್ತು. ಎಳೆದೆಳೆದು ಅಂಗೈ ಹಸಿರಾಯಿತು, ಉರಿಯತೊಡಗಿತು. ಬೆವರು ಕಣ್ಣಿಗಿಳಿಯಿತು. ತಲೆಯೆತ್ತಿ ನೋಡಿದರೆ ಕಿತ್ತಿದ್ದು ಒಂದು ಮೂಲೆ ಮಾತ್ರ. ಗೋಡೆಯುದ್ದಕ್ಕೂ ಬಿಳಿ ಹೂಗಳು ಏನೂ ಆಗಿಲ್ಲವೆಂಬಂತೆ ತಲೆಯಾಡಿಸುತ್ತಿದ್ದವು.

ಸೂಜಿ ಬ್ಯಾಗು ಹೆಗಲಿಗೇರಿಸಿ ಅಳುತ್ತ ಮನೆಗೆ ಓಡಿದಳು.

*

“ನಿಲ್ಲು!”

ಮನೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು ಸೂಜಿ. ಕಾಲು ಅಲ್ಲೇ ಉಳಿಯಿತು. ಆ ದನಿಯನ್ನು ಅವಳು ಹಿಂದೆ ಕೇಳಿರಲಿಲ್ಲ. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲಿತ್ತು.

“ಒಂದೂ ಒಳಗೆ ಬರಬಾರದು. ಅಲ್ಲೇ ಕೂತ್ಕೋ.”

ಸೂಜಿ ತನ್ನನ್ನು ನೋಡಿಕೊಂಡಳು. ಸ್ಕರ್ಟು, ಸಾಕ್ಸು, ತೋಳು, ಟೈ, ಬ್ಯಾಗಿನ ಪಟ್ಟಿ, ಎಲ್ಲೆಲ್ಲೂ ಕಪ್ಪು ಕಡ್ಡಿಗಳು. ಮುಳ್ಳುಹಂದಿಯ ಮರಿಯಂತಾಗಿದ್ದಳು.

ಅಜ್ಜಿ ಗೋಡೆ ಹಿಡಿದು ನಿಧಾನಕ್ಕೆ ಇಳಿದು ಪಕ್ಕದಲ್ಲಿ ಕೂತಳು. ಸ್ಕರ್ಟಿನ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡು ಬೀಜ ಬಿಡಿಸತೊಡಗಿದಳು. ಊದಿದ ಬೆರಳುಗಳಿಗೆ ಎಲ್ಲಿಂದ ಬಂತೋ ಆ ಚುರುಕು! ಚುಚ್ಚಿದ ಕಡೆಯಿಂದಲೇ ಹಿಡಿದು, ಹಿಂದಕ್ಕೆ ಜಗ್ಗದೆ, ಮುಂದಕ್ಕೆ ತಳ್ಳಿ ತೆಗೆಯುತ್ತಿದ್ದಳು. ಒಂದರ ಕೊಕ್ಕೆಯೂ ಬಟ್ಟೆಯಲ್ಲಿ ಉಳಿಯಲಿಲ್ಲ.

“ಯಾಕೆ ಅಳ್ತಿದೀಯ? ಯಾರು ಏನಂದ್ರು?”

ಸೂಜಿಗೆ ತಡೆಯಲಾಗಲಿಲ್ಲ. “ಅಜ್ಜಿ, ಈ ಗಿಡಕ್ಕೆ ಆ ಹೆಸರು ಹೆಂಗೆ ಬಂತು ಅಂತ ನಂಗೆ ಗೊತ್ತಾಯ್ತು.”

ಬೆರಳುಗಳು ನಿಲ್ಲಲಿಲ್ಲ. “ಯಾರು ಹೇಳಿದ್ದು?”

“ವ್ಯಾನ್ ತಾತ.”

“ಹ್ಞೂಂ. ಅವನ ಪ್ಯಾಂಟ್ ಮಡಿಕೇಲಿ ಏನೇನಿರ್ತಿತ್ತು ಅಂತಾನೂ ಹೇಳಿದ್ನಾ? ಒಂದಿನ ನಾನು ಮಡಿಕೆ ಬಿಚ್ಚಿದ್ರೆ, ಕಡ್ಲೆಬೀಜದ ಸಿಪ್ಪೆ, ಬೀಡಿ ತುಂಡು, ಬಸ್ ಟಿಕೆಟ್ಟು! ಅದು ಪ್ಯಾಂಟಾ, ಕಸದ ಬುಟ್ಟಿನಾ?”

ಸೂಜಿಗೆ ಅಳುವಿನ ನಡುವೆಯೇ ನಗು ಬಂತು. ಮೂಗು ಒರೆಸಿಕೊಂಡಳು. ನಾಳೆ ಕ್ಲಾಸಿನಲ್ಲಿ ಏನಾಗಲಿದೆ ಎಂಬುದನ್ನೆಲ್ಲ ಹೇಳಿಬಿಟ್ಟಳು. ಅಜ್ಜಿ ಒಂದು ತೋಳು ಮುಗಿಸಿ ಇನ್ನೊಂದು ತೋಳಿಗೆ ಬಂದಳು.

“ಎಲ್ಲರ ಹತ್ರ ಅಷ್ಟೊಂದು ಜಗಳ ಯಾಕಜ್ಜಿ ಆಡ್ತಿದ್ದೆ? ಒಂದು ಬೀಜ ತಾನೇ?”

ಅಜ್ಜಿ ಒಂದು ಕಡ್ಡಿಯನ್ನು ಸೂಜಿಯ ಅಂಗೈಗೆ ಮೆಲ್ಲಗೆ ಒತ್ತಿದಳು. ಚುಕ್ ಎಂದಿತು.

“ಆ!”

“ನೀನು ಕೈ ಎಳ್ಕೊಂಡೆ. ಆಸ್ಪತ್ರೇಲಿ ಆ ಬಟ್ಟೆ ಮೇಲೆ ಮಲಗೋರಿಗೆ ಎಳ್ಕೊಳ್ಳೋಕೆ ಆಗಬೇಕಲ್ಲ? ಮಗ್ಗಲು ಬದಲಾಯಿಸೋಕೂ ಆಗದವರು ಇರ್ತಿದ್ರು. ಬಾಯಿಬಿಟ್ಟು ಹೇಳೋಕಾಗದವರು ಇರ್ತಿದ್ರು. ಹಸುಗೂಸುಗಳು. ಬೆನ್ನಿನ ಕೆಳಗೆ ಇದು ಒಂದು ಸೇರ್ಕೊಂಡ್ರೆ ಇಡೀ ದಿನ ಚುಚ್ತಾನೇ ಇರುತ್ತೆ. ತಂತಿ ಮೇಲೆ ಒಣಗೋ ಬಟ್ಟೆಗೆ ಒಬ್ಬರ ಪ್ಯಾಂಟ್ ತಗುಲಿದ್ರೆ ಸಾಕಿತ್ತು.”

ಸೂಜಿ ಅಂಗೈ ಉಜ್ಜಿಕೊಂಡಳು.

“ಅದನ್ನ ಅವರಿಗೆ ಹೇಳ್ಬೇಕಿತ್ತು.”

“ಹೇಳ್ದೆ. ಮೆತ್ತಗೆ ಹೇಳ್ದಾಗ ಯಾರೂ ನಿಲ್ಲಲಿಲ್ಲ. ಜೋರಾಗಿ ಹೇಳ್ದೆ, ನಿಂತ್ರು. ಹೆಸರೂ ಇಟ್ರು.”

“ಬೇಜಾರಾಯ್ತಾ?”

“ಆಗದೆ ಏನು? ಮನೆಗೆ ಬಂದು ಅತ್ತಿದೀನಿ. ನಿಮ್ಮಮ್ಮ ಆಗ ನಿನಗಿಂತ ಚಿಕ್ಕೋಳು. ನಾನು ಅಳೋದು ನೋಡಿದ್ಲು. ಅದಕ್ಕೇ ಅವಳಿಗೆ ಈಗಲೂ ಆ ಹೆಸರು ಕಂಡ್ರೆ ಆಗಲ್ಲ.” ಅಜ್ಜಿ ಸಾಕ್ಸಿನ ಕಡೆ ಬಗ್ಗಿದಳು. “ಆಮೇಲೆ ಒಂದ್ಸಲ ಜ್ವರ ಬಂದು ಮಲಗಿದ್ದೆ. ಕೆಲಸಕ್ಕೆ ಹೋಗಿರಲಿಲ್ಲ. ಗೇಟಲ್ಲಿ ಕೇಳೋರಿಲ್ಲ, ಬಟ್ಟೆಯೆಲ್ಲ ಹಾಳಾಗಿರುತ್ತೆ ಅಂತ ಸಂಕಟಪಟ್ಕೊಂಡು ಹೋದ್ರೆ, ಒಂದು ಬೆಡ್‌ಶೀಟಲ್ಲೂ ಒಂದು ಬೀಜ ಇಲ್ಲ! ಏನು ಅಂದ್ರೆ, ತಮಾಷೆಗೆ ಒಬ್ಬ ‘ಜಗಳಗಂಟಿ ಬಂದ್ಲು’ ಅಂತ ಕೂಗೋನಂತೆ. ಎಲ್ಲರೂ ಅವರಷ್ಟಕ್ಕೇ ನಿಂತು ಕೊಡವ್ಕೊಳ್ಳೋರಂತೆ. ನಾನು ಮನೇಲಿ ಮಲಗಿದ್ದೀನಿ, ಹೆಸರು ಗೇಟ್ ಕಾಯ್ತಿದೆ!”

“ಅಂದ್ರೆ ನಾಳೆ ಹೇಳಿದ್ರೂ ನಿಂಗೆ ಪರವಾಗಿಲ್ವಾ?”

ಅಜ್ಜಿ ಆ ಸಾಕ್ಸಿನ ಕೊನೆಯ ಕಡ್ಡಿ ಬಿಡಿಸಿ ಪಕ್ಕಕ್ಕಿಟ್ಟಳು. “ಮಕ್ಕಳು ನಗ್ತಾರೆ. ನಕ್ಕಾಗ ನಂಗೆ ಹೆಂಗಿರುತ್ತೋ, ನಿಂಗೆ ಹೆಂಗಿರುತ್ತೋ, ಈಗಲೇ ಹೆಂಗೆ ಹೇಳ್ಲಿ ಮಗು? ಕಾಲು ಎತ್ತು. ಆ ಕಾಲು.”

*

ಶುಕ್ರವಾರ ಬಿಸಿಲೂ ಇತ್ತು, ವ್ಯಾನ್ ತಾತನೂ ಬಂದರು. ಬಿಳಿ ಶರ್ಟು, ಬೂದು ಪ್ಯಾಂಟು, ತಲೆ ನೀಟಾಗಿ ಬಾಚಿತ್ತು. ಹತ್ತಿರದ ದಾರಿ ಎಂದು ಮೈಕ್ ಅವರನ್ನು ಹಿಂದಿನ ಗೋಡೆಯ ಬದಿಯಿಂದ ಕರೆತಂದಿದ್ದ. ತಾತನನ್ನು ಮಿಸ್‌ನ ಕುರ್ಚಿಯಲ್ಲಿ ಕೂರಿಸಿದರು.

ಜಡೆ ಮುಟ್ಟಿದರೆ ಮುನಿಯ ಕುಂಡ ತಂದಿದ್ದಳು. ದಾರಿಯುದ್ದಕ್ಕೂ ಎಲ್ಲರೂ ಮುಟ್ಟಿ ಮುಟ್ಟಿ, ಅವಳ ಸರದಿ ಬಂದಾಗ ಅದು ಮುನಿಸಿಕೊಂಡೇ ಕೂತಿತ್ತು. ಎಷ್ಟು ಮುಟ್ಟಿದರೂ ಅಲ್ಲಾಡಲಿಲ್ಲ. ಎಲ್ಲರೂ ನಕ್ಕರು. ಸೂಜಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಬಿಳಿ ಹೂವಿನ ಕಾಂಡ ಬೆವರಿಗೆ ಒದ್ದೆಯಾಗಿತ್ತು.

“ಈಗ ಜಗಳಗಂಟಿ,” ಎಂದರು ಮಿಸ್. “ಸೂಜಿ ಬಾ. ತಾತ, ನೀವು ಶುರು ಮಾಡ್ತೀರಾ?”

ತಾತ ಗಂಟಲು ಸರಿಮಾಡಿಕೊಂಡು ಎದ್ದರು. “ಒಂದಾನೊಂದು ಕಾಲದಲ್ಲಿ ಒಂದು ಲಾಂಡ್ರಿ ಇತ್ತು. ಅದರ ಗೇಟಲ್ಲಿ ಒಬ್ಬಳು ಹೆಂಗಸು. ಅಬ್ಬಬ್ಬಾ, ಏನು ಬಾಯಿ ಅಂತೀರಿ!”

ಕ್ಲಾಸು ಕಿಸಕ್ಕೆಂದಿತು. ತಾತ ಸೊಂಟದ ಮೇಲೆ ಕೈಯಿಟ್ಟು ಆ ಹೆಂಗಸಾದರು. ಆಮೇಲೆ ಒಂಟಿಕಾಲಲ್ಲಿ ನಿಂತು ದೊಡ್ಡ ಡಾಕ್ಟರಾದರು. ಮಕ್ಕಳು ಬೆಂಚು ಬಡಿದು ನಕ್ಕರು. ಮೈಕ್‌ನ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಮಿಸ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಸೂಜಿಯ ಕಿವಿ ಬಿಸಿಯಾಯಿತು. ಇನ್ನೊಂದು ಮಾತು, ಅಷ್ಟೇ. ಆ ಹೆಂಗಸು ಯಾರು ಎಂದು ಯಾರಾದರೂ ಕೇಳುತ್ತಾರೆ. ತಾತ ಹೇಳುತ್ತಾರೆ. ಯಾರ ಮುಖವನ್ನೂ ನೋಡಲಾಗದೆ ಅವಳು ನೆಲ ನೋಡಿದಳು.

ನೆಲದ ಮೇಲೆ ತಾತನ ಚಪ್ಪಲಿ ಇತ್ತು. ಮೇಲೆ ಬೂದು ಪ್ಯಾಂಟು. ಪ್ಯಾಂಟಿನ ಅಂಚಿನಲ್ಲಿ ಕಪ್ಪು ಕಡ್ಡಿಗಳು ಸಾಲಾಗಿ ಕೂತಿದ್ದವು.

“ನಿಲ್ಲಿ ತಾತ.”

ದನಿ ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಬೆಂಚು ಬಡಿಯುತ್ತಿದ್ದ ಕೈಗಳು ನಿಂತವು.

ಸೂಜಿ ತಾತನ ಮುಂದೆ ಮಂಡಿಯೂರಿ ಕೂತಳು. “ಕಾಲು ಎತ್ತಿ.”

ತಾತ ಕಾಲೆತ್ತಿದರು. ಕುರ್ಚಿಯ ಬೆನ್ನು ಹಿಡಿದು, ಏನೂ ಕೇಳದೆ, ದಿನಾ ಮಾಡುವ ಕೆಲಸದಂತೆ ಕಾಲೆತ್ತಿ ನಿಂತರು. ಸೂಜಿ ಚುಚ್ಚಿದ ಕಡೆಯಿಂದ ಹಿಡಿದು, ಮುಂದಕ್ಕೆ ತಳ್ಳಿ, ಒಂದೊಂದಾಗಿ ಬಿಡಿಸಿದಳು. ಒಂದರ ಕೊಕ್ಕೆಯೂ ಉಳಿಯಲಿಲ್ಲ.

“ಆ ಕಾಲು.”

ತಾತ ಇನ್ನೊಂದು ಕಾಲು ಮುಂದಿಟ್ಟರು. ಅವರ ಮುಖದಲ್ಲಿ ಆಗಿನ ನಗು ಇರಲಿಲ್ಲ. ಬೇರೇನೋ ಇತ್ತು. “ಅವಳೂ ಹಿಂಗೇ ತೆಗೀತಿದ್ಲು,” ಎಂದು ಮೆಲ್ಲಗೆ ಅಂದರು. “ಮುಂದಕ್ಕೆ ತಳ್ಳಿ.”

“ಯಾರು ತಾತ? ಆ ಹೆಂಗಸು ಯಾರು?” ಮೈಕ್ ಕೇಳಿಯೇಬಿಟ್ಟ.

ತಾತ ಬಾಯಿ ತೆರೆದರು. ಸೂಜಿಯ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡರು.

ತಾತ ಈಗ ಹೇಳುವುದಿಲ್ಲ ಎಂದು ಸೂಜಿಗೆ ಗೊತ್ತಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಎದ್ದು, ಮುಷ್ಟಿಯಲ್ಲಿದ್ದ ಬೀಜಗಳನ್ನು ಮಿಸ್‌ನ ಮೇಜಿನ ಮೇಲಿಟ್ಟಳು.

“ನಮ್ಮಜ್ಜಿ,” ಅಂದಳು.

ಆಮೇಲೆ ಉಳಿದದ್ದನ್ನೂ ಹೇಳಿದಳು. ತಂತಿ, ಬೆಡ್‌ಶೀಟು, ಮಗ್ಗಲು ಬದಲಾಯಿಸಲಾಗದವರು, ಹಸುಗೂಸುಗಳು. ನಡುನಡುವೆ ತಡವರಿಸಿದಳು. ಜ್ವರ ಬಂದಾಗ ಹೆಸರೇ ಗೇಟು ಕಾದದ್ದನ್ನು ಹೇಳುವಾಗ, ಹಿಂದಿನ ಬೆಂಚಿನ ಒಬ್ಬ ಮೆಲ್ಲಗೆ ಬಗ್ಗಿ ತನ್ನ ಸಾಕ್ಸ್ ನೋಡಿಕೊಂಡ. ಅವನ ಪಕ್ಕದವನೂ ನೋಡಿಕೊಂಡ.

“ಬಾಯಿ ಇತ್ತು ಅಂದೆನಲ್ಲ, ಅದು ಸುಳ್ಳಲ್ಲಪ್ಪ,” ವ್ಯಾನ್ ತಾತ ಕುರ್ಚಿಗೆ ಕುಸಿಯುತ್ತ ಅಂದರು. “ಆದ್ರೆ ವಾರ್ಡಿಗೆ ಬಟ್ಟೆ ಕೊಡೋವಾಗ ಅಲ್ಲಿನ ನರ್ಸಮ್ಮ ಹೇಳೋರು, ‘ನಿಮ್ಮ ಬಟ್ಟೆ ಕೊಡವಿ ನೋಡೋ ಕೆಲಸವೇ ಇಲ್ಲ’ ಅಂತ. ‘ಹೌದಮ್ಮ’ ಅಂತ ನಾನೇ ಕಾಲರ್ ಏರಿಸ್ಕೊಂಡು ಬರ್ತಿದ್ದೆ. ಅದನ್ನ ಅವಳಿಗೊಂದು ಮಾತು ಹೇಳಲೇ ಇಲ್ಲ ನೋಡು.”

*

ಸಂಜೆ ಶಾಲೆಯ ಗೇಟಿನ ಹತ್ತಿರ, ಸೂಜಿ ಹೆದರಿದ್ದ ಕೂಗು ಬಂದೇ ಬಂತು.

“ಏಯ್ ಜಗಳಗಂಟಿ ಮೊಮ್ಮಗಳೇ!”

ಬೀದಿಯ ಆಚೆ ತುದಿಗೂ ಕೇಳಿಸಿರಬೇಕು. ಒಂದಿಬ್ಬರು ತಿರುಗಿ ನೋಡಿದರು. ಸೂಜಿಯ ಕಿವಿ ಮತ್ತೆ ಬಿಸಿಯಾಯಿತು. ಅವಳು ನಿಂತು ಹಿಂದಕ್ಕೆ ತಿರುಗಿದಳು.

“ಏನೋ? ಎಲ್ಲಿ, ನಿನ್ನ ಸಾಕ್ಸ್ ತೋರ್ಸು.”

ಮೈಕ್ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಬ್ಯಾಗು ಹಿಡಿದುಕೊಂಡು ಕಾಲೆತ್ತಿದ.

“ಇಲ್ಲೊಂದು ಚುಚ್ತಿದೆ. ಹಿಂದೆ. ಒಂಚೂರು ನೋಡೇ, ನಂಗೆ ಕಾಣಿಸ್ತಿಲ್ಲ.”

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಬೀದಿಯ ಸುದ್ದಿ ಸೂಜಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಮ್ಮ ಏನೋ ಕೇಳಲು ಬಾಯಿ ತೆರೆದವಳು, ಸೂಜಿ ಮೆಟ್ಟಿಲ ಕೆಳಗೇ ನಿಂತು ಸ್ಕರ್ಟಿನ ಅಂಚು ತಿರುವಿ ತಿರುವಿ ನೋಡುವುದನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಒಳಗೆ ಅಜ್ಜಿಗೆ ಆಗಲೇ ಆಯಾಸವಾಗಿತ್ತು. ಸ್ವಲ್ಪ ಹೊತ್ತು ಮಲಗುತ್ತೇನೆ ಎಂದು ಕಿಟಕಿಯ ಹತ್ತಿರದಿಂದ ಎದ್ದು, ಗೋಡೆ ಹಿಡಿದುಕೊಂಡು ಮಂಚದ ಕಡೆ ಬಂದಳು. ಅಮ್ಮ ಒಗೆದ ಬೆಡ್‌ಶೀಟನ್ನು ಈಗಷ್ಟೇ ಹಾಸಿದ್ದಳು.

“ಇರು ಅಜ್ಜಿ. ಇನ್ನೂ ಕೂತ್ಕೋಬೇಡ.”

ಅಜ್ಜಿ ನಿಂತಳು.

ಸೂಜಿ ಬಗ್ಗಿ ದಿಂಬಿನ ಕಡೆಯಿಂದ ಶುರು ಮಾಡಿದಳು. ನಿನ್ನೆ ಗಿಡ ಎಳೆದು ಅಂಗೈ ಇನ್ನೂ ಉರಿಯುತ್ತಿತ್ತು. ಹಾಗಾಗಿ ಬಟ್ಟೆಯ ಒಂದೊಂದು ಎಳೆಯೂ ಕೈಗೆ ಗೊತ್ತಾಗುತ್ತಿತ್ತು. ಬೆನ್ನು ಬರುವ ಜಾಗ, ಸೊಂಟ ಬರುವ ಜಾಗ, ಕಾಲು ಬರುವ ಜಾಗ. ತುದಿ ಮುಟ್ಟಿದ ಮೇಲೆ, ಸರಿಯಾಯಿತೋ ಇಲ್ಲವೋ ಎಂಬ ಅನುಮಾನ ಬಂದು, ಇನ್ನೊಮ್ಮೆ ಮೊದಲಿನಿಂದ ಅಂಗೈ ಆಡಿಸಿದಳು.

ಅಷ್ಟು ಹೊತ್ತೂ ಅಜ್ಜಿ ಮಂಚದ ಕಂಬ ಹಿಡಿದು ಸುಮ್ಮನೆ ಕಾಯುತ್ತ ನಿಂತಿದ್ದಳು.